ಕ್ಯಾಥೊಲಿಕ್ ಆಗುವ ಯೋಚನೆ ಇದೆ, ಮುಂಬೈಯಲ್ಲಿ ಎಲ್ಲಿಂದ ಶುರು ಮಾಡಬೇಕು?

ಮುಲುಂಡ್ ಸ್ಲೋ ಲೋಕಲ್

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರುವ ಉತ್ತರವೆಲ್ಲ ಅದರ ಸುತ್ತಲೇ ಇರುತ್ತದೆ. ಇದರಲ್ಲಿ ಹುಡುಗ ಯಾರೂ ಇಲ್ಲ. ಯಾರೂ ದುಡ್ಡು ಕೊಟ್ಟಿಲ್ಲ, ಯಾರೂ ಮನೆ ಬಾಗಿಲಿಗೆ ಬಂದು ಕರೆದಿಲ್ಲ.

ನಾನು ಹುಟ್ಟಿ ಬೆಳೆದದ್ದು ಮುಲುಂಡ್‌ನಲ್ಲಿ. ಊರು ಕುಂದಾಪುರದ ಹತ್ತಿರ. ಅಪ್ಪನದು ಹೋಟೆಲ್. ಮನೆಯಲ್ಲಿ ದೇವರಿಗೆ ದೀಪ, ಊರಿಗೆ ಹೋದಾಗ ನಾಗನಿಗೆ ತನು (ಹಾಲು ಎರೆಯುವುದು), ದೈವಕ್ಕೆ ಕಾಣಿಕೆ, ಎಲ್ಲ ಇದೆ. ಯಾವುದರ ಮೇಲೂ ನನಗೆ ಸಿಟ್ಟಿಲ್ಲ.

ಆಫೀಸಿನ ಗೆಳತಿ ಜೊತೆ ಬುಧವಾರದ ಮಾಹಿಮ್ ನೊವೆನಾಗೆ (ಅಲ್ಲಿನ ಚರ್ಚಿನಲ್ಲಿ ವಾರ ವಾರ ನಡೆಯುವ ಮರಿಯಮ್ಮನ ಪ್ರಾರ್ಥನೆ) ಸುಮ್ನೆ ಹೋಗುತ್ತಿದ್ದೆ. ಅಲ್ಲಿ ನಮ್ಮಂಥ ಹಿಂದೂಗಳೇ ಎಷ್ಟೊಂದು ಜನ ಬರುತ್ತಾರೆ, ನೋಡಿದವರಿಗೆ ಗೊತ್ತು. ಆಮೇಲೆ ಚರ್ಚಿನ ಭಾನುವಾರದ ಪೂಜೆಗೂ (ಮಾಸ್) ಹೋಗಿ ಹಿಂದಿನ ಬೆಂಚಿನಲ್ಲಿ ಕೂರತೊಡಗಿದೆ. ಬೈಬಲ್ ಓದತೊಡಗಿದೆ. ಈಗ ಇದು ಹರಕೆಯ ಮಟ್ಟ ದಾಟಿದೆ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಫಾದರ್ ಕೊಡುವ ರೊಟ್ಟಿ) ಬೆಂಚಿನವರೆಲ್ಲ ಎದ್ದು ಹೋಗುವಾಗ ನಾನೊಬ್ಬಳೇ ಕಾಲು ಒತ್ತಿಕೊಂಡು ದಾರಿ ಬಿಡುತ್ತೇನೆ. ಅದು ಕಷ್ಟವಾಗುತ್ತಿದೆ.

ಯಾರನ್ನು ಕೇಳಬೇಕು? ಎಷ್ಟು ಸಮಯ ಹಿಡಿಯುತ್ತದೆ? ಕನ್ನಡದಲ್ಲಿ ಏನು ಓದಬಹುದು? ಹೆಸರು ಬದಲಾಯಿಸಬೇಕಾ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅಮ್ಮನದು. ಅವರು ಸೆಪ್ಟೆಂಬರ್‌ನಲ್ಲಿ ಬಾಂದ್ರಾದ ಮೌಂಟ್ ಮೇರಿಗೆ ಬಂದು ಮೇಣದಬತ್ತಿ ಹಚ್ಚುವವರೇ. ಆದರೆ ಮೇಣದಬತ್ತಿ ಬೇರೆ, ದೀಕ್ಷಾಸ್ನಾನ ಬೇರೆ ಅಲ್ವಾ.

ನಿರ್ವಾಹಕರು

ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಿ. ಯಾವ ಧರ್ಮ ದೊಡ್ಡದು ಎಂಬ ಜಗಳಕ್ಕೆ ಈ ಎಳೆ ಅಲ್ಲ. ಅಂಥದ್ದು ಬಂದರೆ ಅಳಿಸುತ್ತೇವೆ.

ಬಜ್ಪೆ ಬಾಯ್

ಬನ್ನಿ ಮಾರಾಯ್ತಿ. ನಾನು ಹುಟ್ಟಾ ಕ್ಯಾಥೊಲಿಕ್, ಆದ್ದರಿಂದ ನನ್ನನ್ನು ಕೇಳಿ ಪ್ರಯೋಜನ ಕಮ್ಮಿ. ನಮ್ಮವರಿಗೆ ಮೀಸ್ (ಪೂಜೆ) ಗೊತ್ತು, ತೇರ್ಸ್ (ಜಪಮಾಲೆ) ಗೊತ್ತು, ಫೆಸ್ತಿನ (ಹಬ್ಬದ) ದಿನ ಪೋರ್ಕ್ ಹೇಗೆ ಮಾಡಬೇಕು ಅಂತ ಚೆನ್ನಾಗಿ ಗೊತ್ತು. ಯಾಕೆ ಎಂದು ಕೇಳಿದರೆ ಮುಂದಿನವರ ಮುಖ ನೋಡುತ್ತೇವೆ. ಹೊಸದಾಗಿ ಬಂದವರು ನಮಗಿಂತ ಜಾಸ್ತಿ ಓದಿರುತ್ತಾರೆ.

ನನ್ನ ಕಡೆಯಿಂದ ಒಂದೇ ಕಿವಿಮಾತು. ಪರಮಪ್ರಸಾದದ ಸಾಲಿನಲ್ಲಿ ಹೋಗಿ ಕೈ ಚಾಚಬೇಡಿ. ನೀವು ಹಾಗೆ ಮಾಡುವವರಲ್ಲ, ಗೊತ್ತು. ಆದರೆ ಮಾಹಿಮ್‌ನಲ್ಲೂ ಹಳೆ ಗೋವಾದಲ್ಲೂ ಎಷ್ಟೋ ಜನ ದೇವಸ್ಥಾನದ ಪ್ರಸಾದದ ಹಾಗೆ ಅಂದುಕೊಂಡು ಸಾಲಿಗೆ ಸೇರುತ್ತಾರೆ. ನಮಗೆ ಅದು ಯೇಸುವಿನ ಶರೀರವೇ. ಕೂತಿರುವುದರಲ್ಲಿ ಮುಜುಗರ ಏನೂ ಇಲ್ಲ. ಕೆಲವು ಚರ್ಚುಗಳಲ್ಲಿ ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಹೋದರೆ ಫಾದರ್ ಆಶೀರ್ವಾದ ಕೊಡುತ್ತಾರೆ. ನಿಮ್ಮಲ್ಲಿ ಆ ರೂಢಿ ಇದೆಯಾ ಎಂದು ಮೊದಲು ಕೇಳಿಕೊಳ್ಳಿ.

ಬೊರಿವಲಿ ಟೀಚರ್

ನಾನು ನಮ್ಮ ಪ್ಯಾರಿಷ್‌ನಲ್ಲಿ ದೊಡ್ಡವರಿಗೆ ಧರ್ಮೋಪದೇಶದ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಊರು ಚಿಕ್ಕಮಗಳೂರು ಕಡೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕೇಳಬೇಕಾದ್ದು ನೀವು ವಾಸ ಮಾಡುವ ಜಾಗದ ಪ್ಯಾರಿಷ್ ಆಫೀಸಿನಲ್ಲಿ. ಮಾಹಿಮ್ ಎಷ್ಟೇ ಇಷ್ಟವಾದರೂ ಮನೆಗೆ ಹತ್ತಿರದ್ದೇ ನಿಮ್ಮ ಧರ್ಮಕೇಂದ್ರ. ಅಲ್ಲಿ ಹೋಗಿ "ಆರ್‌ಸಿಐಎ ಬಗ್ಗೆ ಕೇಳಬೇಕಿತ್ತು" ಅಂದರೆ ಸಾಕು, ಅರ್ಥವಾಗುತ್ತದೆ. ದೊಡ್ಡವರನ್ನು ಸಭೆಗೆ, ಅಂದರೆ ಕ್ಯಾಥೊಲಿಕ್ ಧರ್ಮಸಭೆಗೆ, ಸೇರಿಸಿಕೊಳ್ಳುವ ಕ್ರಮಕ್ಕೆ ಆ ಹೆಸರು. ಮೊದಲ ಶತಮಾನಗಳಲ್ಲಿ ಇದ್ದ ದೀರ್ಘ ತಯಾರಿಯ ಪದ್ಧತಿ ನಡುವೆ ಬಿಟ್ಟುಹೋಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಬಿಷಪರ ಸಮ್ಮೇಳನ) ಅದನ್ನು ಮತ್ತೆ ತರಬೇಕೆಂದಿತು, 1972ರಲ್ಲಿ ಹೊಸ ಕ್ರಮ ಬಂತು. ಫೀಸು ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮೊದಲ ಹಂತ ಬರೀ ವಿಚಾರಣೆ. ಪ್ರಶ್ನೆ ಕೇಳುವುದು, ಕೂರುವುದು, ನೋಡುವುದು. ಇದಕ್ಕೆ ಅವಧಿ ಇಲ್ಲ. ನಂತರ ನೀವು ಹೂಂ ಅಂದರೆ ಒಂದು ಭಾನುವಾರ ಸಭೆಯ ಮುಂದೆ ನಿಮ್ಮ ಹಣೆಗೆ ಶಿಲುಬೆಯ ಗುರುತು ಹಾಕಿ ಸ್ವೀಕರಿಸುತ್ತಾರೆ. ಅಲ್ಲಿಂದ ನೀವು ದೀಕ್ಷಾರ್ಥಿ. ಕ್ಲಾಸ್‌ಗಳು ನಡೆಯುವುದು ಆಗ. ನಮ್ಮಲ್ಲಿ ಸುಮಾರು ಒಂದು ವರ್ಷ ಹಿಡಿಯುತ್ತದೆ. ಕೆಲವರಿಗೆ ಅದಕ್ಕಿಂತ ಜಾಸ್ತಿ.

ತಪಸ್ಸುಕಾಲದ, ಅಂದರೆ ಪಾಸ್ಖಕ್ಕೆ (ಈಸ್ಟರ್) ಮೊದಲಿನ ಉಪವಾಸದ ದಿನಗಳ, ಮೊದಲ ಭಾನುವಾರದ ಹೊತ್ತಿಗೆ ಬಿಷಪ್ ಅಥವಾ ಅವರ ಪರವಾಗಿ ಒಬ್ಬರು ದೀಕ್ಷಾರ್ಥಿಗಳ ಹೆಸರು ಕರೆದು ಆಯ್ಕೆ ಮಾಡುತ್ತಾರೆ. ತಪಸ್ಸುಕಾಲದ ಮೂರು, ನಾಲ್ಕು, ಐದನೇ ಭಾನುವಾರ ನಿಮಗಾಗಿ ವಿಶೇಷ ಪ್ರಾರ್ಥನೆ. ಆ ದಿನಗಳಿಗೆ ಯೊವಾನ್ನನ ಶುಭಸಂದೇಶದಿಂದ ಮೂರು ವಾಚನ ಇಟ್ಟಿದ್ದಾರೆ. ಬಾವಿಯ ಹತ್ತಿರದ ಸಮಾರ್ಯದ ಹೆಂಗಸು, ಹುಟ್ಟುಕುರುಡ, ಸತ್ತು ಎದ್ದುಬಂದ ಲಾಜರ. ಬೈಬಲ್ ಕೈಯಲ್ಲಿ ಇದ್ದರೆ ಈಗಲೇ ಆ 4, 9, 11ನೇ ಅಧ್ಯಾಯ ಓದಿ. ನನ್ನ ಮಟ್ಟಿಗೆ ಇಡೀ ವರ್ಷದ ಪಾಠ ಆ ಮೂರರಲ್ಲಿ ಇದೆ.

ಪಾಸ್ಖ ಹಬ್ಬದ ಹಿಂದಿನ ರಾತ್ರಿ ದೀಕ್ಷಾಸ್ನಾನ, ದೃಢೀಕರಣ (ಪವಿತ್ರ ತೈಲ ಹಚ್ಚಿ ವಿಶ್ವಾಸ ಗಟ್ಟಿ ಮಾಡುವ ಸಂಸ್ಕಾರ), ಮೊದಲ ಪರಮಪ್ರಸಾದ, ಮೂರೂ ಒಟ್ಟಿಗೆ. ನಮ್ಮ ಮಕ್ಕಳಿಗೆ ಇವು ಹತ್ತು ಹದಿನೈದು ವರ್ಷಗಳಲ್ಲಿ ಹರಡಿಕೊಂಡಿರುತ್ತವೆ, ನಿಮಗೆ ಒಂದೇ ರಾತ್ರಿ.

ಹೆಸರು ಬದಲಾಯಿಸಬೇಕಿಲ್ಲ. ಕ್ರೈಸ್ತ ಭಾವನೆಗೆ ವಿರುದ್ಧವಾದ ಹೆಸರು ಬೇಡ ಎಂದಷ್ಟೇ ನಿಯಮ. ಸಂತರ ಹೆಸರೊಂದನ್ನು ಜೊತೆಗೆ ಇಟ್ಟುಕೊಳ್ಳುವವರು ಇದ್ದಾರೆ, ಅದು ಇಷ್ಟಕ್ಕೆ ಬಿಟ್ಟದ್ದು.

ಇಡೀ ದಾರಿಯಲ್ಲಿ ಯಾವಾಗ ಬೇಕಾದರೂ ನಿಲ್ಲಬಹುದು, ಬಿಟ್ಟು ಹೋಗಬಹುದು. ನನ್ನ ಕ್ಲಾಸಿನಿಂದ ಹಾಗೆ ಹೋದವರಿದ್ದಾರೆ. ಈಗಲೂ ಸಿಕ್ಕರೆ ಚಹಾ ಕುಡಿಯುತ್ತೇವೆ.

ಧಾರವಾಡ ಫೇಡಾ

ತಂಗಿ, ಬೇಸರ ಮಾಡಿಕೊಳ್ಳಬೇಡಿ. ಜಗಳಕ್ಕೆ ಬಂದಿಲ್ಲ, ಅಂಧೇರಿಯಲ್ಲಿ ಕೂತು ಕೇಳುತ್ತಿದ್ದೇನೆ ಅಷ್ಟೇ. ನೊವೆನಾಗೆ ಹೋಗಿ, ಬೈಬಲ್ ಓದಿ, ಯೇಸುವಿನ ಫೋಟೋ ಮನೆಯಲ್ಲಿ ಇಟ್ಟುಕೊಳ್ಳಿ. ಯಾರು ಬೇಡ ಅಂದರು? ನಮ್ಮಲ್ಲಿ ಅದಕ್ಕೆಲ್ಲ ಜಾಗ ಇದೆ. ಮತಾಂತರ ಯಾಕೆ ಬೇಕು? ಅಮ್ಮನಿಗೆ ನೋವು ಕೊಟ್ಟು ಗಳಿಸುವುದು ಏನು?

ಮುಲುಂಡ್ ಸ್ಲೋ ಲೋಕಲ್

ನ್ಯಾಯವಾದ ಪ್ರಶ್ನೆ ಸರ್. ನಾನೂ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಸದ್ಯಕ್ಕೆ ಉತ್ತರ ಇಷ್ಟೇ: ಹೊರಗಿನಿಂದ ಇಷ್ಟಪಡುವುದು ಸಾಕಾಗುತ್ತಿಲ್ಲ.

ಟೀಚರ್, ತುಂಬಾ ಥ್ಯಾಂಕ್ಸ್. ಸಮಾರ್ಯದ ಹೆಂಗಸಿನ ಕಥೆ ಇವತ್ತು ಲೋಕಲ್‌ನಲ್ಲೇ ಓದಿದೆ. ಅವಳು ಮೊದಲು ವಾದ ಮಾಡುತ್ತಾಳೆ, ನಂಬುವುದು ಆಮೇಲೆ. ಅದು ಹಿಡಿಸಿತು.

ಕ್ಯಾಂಪ್ ಕನ್ನಡಿಗ

ಫೇಡಾ ಅವರ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಅದೇ ಪ್ರಶ್ನೆಯನ್ನು ನನಗೆ ನನ್ನ ಅಪ್ಪ ಕೇಳಿದ್ದರು. ನಾನು ವಿಜಯಪುರದ ಕಡೆಯ ಲಿಂಗಾಯತರ ಮನೆಯವನು. ಪುಣೆಗೆ ಕೆಲಸಕ್ಕೆ ಬಂದವನು, ಇಲ್ಲೇ ಕ್ಯಾಥೊಲಿಕ್ ಆದೆ. ನಾನಾ ಪೇಠೆಯಲ್ಲಿ ಸಿಟಿ ಚರ್ಚ್ ಅಂತ ಇದೆ, ಸವಾಯಿ ಮಾಧವರಾವ್ ಪೇಶ್ವೆ ಕೊಟ್ಟ ಜಾಗದಲ್ಲಿ ಕಟ್ಟಿದ್ದು. ಪೇಶ್ವೆಯ ಸೈನ್ಯದಲ್ಲಿದ್ದ ಕ್ರೈಸ್ತರಿಗಾಗಿ. ಅಲ್ಲಿ ಮೊದಲು ಒಳಗೆ ಹೋದದ್ದು ಕಟ್ಟಡ ನೋಡಲು.

ನನಗೆ ಎಡವಿದ ಕಲ್ಲು ಪೋಪ್ ಅಲ್ಲ, ಮರಿಯಮ್ಮ ಅಲ್ಲ. ಅವರಿಬ್ಬರೂ ಸುಲಭ. ಮರಿಯಮ್ಮನನ್ನು ನಮ್ಮವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಎಡವಿದ್ದು "ಒಂದೇ" ಎಂಬಲ್ಲಿ. ನಮ್ಮ ಓಣಿಯ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಇನ್ನೊಂದು ಫೋಟೋ ಬಂದರೆ ಸ್ವಲ್ಪ ಸರಿಸಿ ಜಾಗ ಮಾಡುತ್ತಾರೆ. ವಿಶ್ವಾಸ ಪ್ರಮಾಣ ಹಾಗಲ್ಲ. ಭಾನುವಾರ ಎದ್ದು ನಿಂತು ಹೇಳುವ ಅದರ ಒಂದೊಂದು ಸಾಲೂ ಇದು ನಿಜವಾಗಿ ನಡೆದದ್ದು ಅನ್ನುತ್ತದೆ. ಯೇಸುವಿಗೆ ಮರಣದಂಡನೆ ವಿಧಿಸಿದ ಪೊಂಟಿಯಸ್ ಪಿಲಾತ ಎಂಬ ಒಬ್ಬ ಅಧಿಕಾರಿಯ ಹೆಸರು ಅದರಲ್ಲಿದೆ. ಯಾವ ಮಂತ್ರದಲ್ಲಿ ಜಿಲ್ಲಾಧಿಕಾರಿಯ ಹೆಸರು ಇರುತ್ತದೆ ಹೇಳಿ? ನಡೆದದ್ದು ನಿಜವಾದರೆ ನಾನು ಏನಾದರೂ ಮಾಡಬೇಕು. ಸುಳ್ಳಾದರೆ ಫೋಟೋ ಕೂಡ ಬೇಡ. ನನಗೆ ನಡುವಿನ ದಾರಿ ಕಾಣಲಿಲ್ಲ.

ಪುನರ್ಜನ್ಮ ಇನ್ನೊಂದು. ಇಲ್ಲಿ ಒಂದೇ ಜನ್ಮ, ಒಂದೇ ಸಾವು, ಆಮೇಲೆ ಪುನರುತ್ಥಾನ. ಚಿಕ್ಕಂದಿನಿಂದ ಕರ್ಮ, ಮುಂದಿನ ಜನ್ಮ ಎಂದು ಕೇಳಿ ಬೆಳೆದ ತಲೆಯಿಂದ ಅದು ಬೇಗ ಹೋಗುವುದಿಲ್ಲ. ಫಾದರ್‌ಗೆ ಹೇಳಿದೆ, ಈ ಪಾಸ್ಖಕ್ಕೆ ನಾನು ತಯಾರಿಲ್ಲ ಎಂದು. ಅವರು ಒಂದು ಮಾತೂ ಆಡಲಿಲ್ಲ, ಮುಂದಿನ ವರ್ಷಕ್ಕೆ ಬರೆದುಕೊಂಡರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಡತೆಯೇ ಅನ್ನಬೇಕು.

ಅಮ್ಮನ ವಿಷಯ. ಬೇರೆಯವರ ಬಾಯಿಂದ ತಿಳಿಯುವ ಮೊದಲು ನೀವೇ ಹೇಳಿ. ನನಗೆ ಇಷ್ಟಲಿಂಗ ಇತ್ತು. ಅದನ್ನು ಏನು ಮಾಡಬೇಕು ಎಂದು ಯಾವ ಕ್ಲಾಸಿನಲ್ಲೂ ಹೇಳುವುದಿಲ್ಲ. ಊರಿಗೆ ಹೋಗಿ ಅಮ್ಮನ ಕೈಗೇ ಕೊಟ್ಟೆ. ಅವರು ಅತ್ತರು, ಜಗಲಿಯ ಮೇಲೆ ಇಟ್ಟರು, ಊಟಕ್ಕೆ ಬಡಿಸಿದರು. ಎರಡು ವರ್ಷ ನಮ್ಮ ನಡುವೆ ಅದರ ಮಾತು ಬರಲಿಲ್ಲ. ಈಗ ಕ್ರಿಸ್ಮಸ್‌ಗೆ ಹೋಳಿಗೆ ಮಾಡಿ ಕಳಿಸುತ್ತಾರೆ. ಒಪ್ಪಿಕೊಂಡಿದ್ದಾರೆ ಅಂತ ನಾನು ಹೇಳುವುದಿಲ್ಲ. ಹೋಳಿಗೆ ಬರುತ್ತದೆ ಅಷ್ಟೇ.

ಧಾರವಾಡ ಫೇಡಾ

ಪಿಲಾತನ ಮಾತು ಒಪ್ಪಿದೆ. ನನಗೆ ನಂಬಿಕೆ ಇಲ್ಲ, ಆದರೆ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮುಲುಂಡ್ ಸ್ಲೋ ಲೋಕಲ್

ಕ್ಯಾಂಪ್ ಅಣ್ಣ, ಇದನ್ನು ಎರಡು ಸಲ ಓದಿದೆ. ಇನ್ನೊಂದು ಪ್ರಶ್ನೆ. ನಾಗನ ತನು, ದೈವದ ಕೋಲ, ಕೊಲ್ಲೂರು, ಆನೆಗುಡ್ಡೆ ದೇವಸ್ಥಾನ. ಊರಿಗೆ ಹೋದಾಗ ಇವನ್ನೆಲ್ಲ ಏನು ಮಾಡುವುದು? ಮನೆಯವರೆಲ್ಲ ಕಾರು ಹತ್ತುವಾಗ ನಾನು ಮನೆಯಲ್ಲೇ ಇರಬೇಕಾ? ಪ್ರಸಾದ ತಿನ್ನಬಾರದಾ?

ಬೊರಿವಲಿ ಟೀಚರ್

ಕ್ಲಾಸಿನಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು.

ಪೂಜೆ ಮಾಡುವುದು ಒಬ್ಬ ದೇವರಿಗೆ ಮಾತ್ರ. ಮೊದಲ ಆಜ್ಞೆ ಅದು, ಅದರಲ್ಲಿ ಸಡಿಲಿಕೆ ಇಲ್ಲ. ಹರಕೆ ಹೊರುವುದು, ತನು ಎರೆಯುವುದು, ದೈವದ ಮುಂದೆ ಅಪ್ಪಣೆ ಕೇಳುವುದು ಇನ್ನು ಆಗುವುದಿಲ್ಲ. ಇದನ್ನು ಸಿಹಿ ಹಚ್ಚಿ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ಆದರೆ ಮನೆಯವರ ಜೊತೆ ಇರುವುದು ಬೇರೆ. ಮದುವೆ, ಗೃಹಪ್ರವೇಶ, ಸಾವಿನ ಮನೆಗೆ ಹೋಗಿ. ಊಟ ಮಾಡಿ. ಹಿರಿಯರ ಕಾಲಿಗೆ ನಮಸ್ಕಾರ ಮಾಡಿ, ಅದು ಗೌರವ. ಬೇರೆ ಧರ್ಮಗಳಲ್ಲಿ ಸತ್ಯವಾದದ್ದು, ಪವಿತ್ರವಾದದ್ದು ಯಾವುದನ್ನೂ ಸಭೆ ತಳ್ಳಿಹಾಕುವುದಿಲ್ಲ ಎಂದು ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಊರಿನ ದೈವವನ್ನು ಹೀಗಳೆಯಿರಿ ಎಂದು ಯಾರಾದರೂ ಹೇಳಿದರೆ ಅದು ಸಭೆಯ ಬೋಧನೆ ಅಲ್ಲ.

ಪ್ರಸಾದದ ಪ್ರಶ್ನೆ ಹೊಸದಲ್ಲ. ಕೊರಿಂಥ ಎಂಬ ಊರಿನ ಕ್ರೈಸ್ತರು ಇದನ್ನೇ ಸಂತ ಪೌಲರಿಗೆ ಕೇಳಿದ್ದರು. ಅವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಪೂರ್ತಿ ಇದರ ಮೇಲೆ ಇದೆ. ಯಾರಾದರೂ ಊಟಕ್ಕೆ ಕರೆದರೆ ಕೇಳದೆ ತಿನ್ನಿ ಅನ್ನುತ್ತಾರೆ. ಅರ್ಪಿಸಿದ್ದು ಎಂದು ಹೇಳಿ ಕೊಟ್ಟರೆ, ನೋಡುವವರ ಮನಸ್ಸಾಕ್ಷಿಗೋಸ್ಕರ ಬೇಡ ಅನ್ನಿ ಎನ್ನುತ್ತಾರೆ. ಆರಾಧನೆಯಲ್ಲಿ ಪಾಲುಗೊಳ್ಳುವುದು ಬೇಡವೇ ಬೇಡ. ಈ ಸೂಕ್ಷ್ಮಗಳಲ್ಲಿ ಒಬ್ಬೊಬ್ಬ ಫಾದರ್ ಒಂದೊಂದು ಥರ ಸಲಹೆ ಕೊಡುತ್ತಾರೆ. ನಿಮ್ಮ ಮನೆಯ ಪರಿಸ್ಥಿತಿ ಬಿಡಿಸಿ ಹೇಳಿ ಕೇಳಿ.

ಓದುವುದಕ್ಕೆ ಮಾರ್ಕನ ಶುಭಸಂದೇಶದಿಂದ ಶುರು ಮಾಡಿ. ಬರೀ 16 ಅಧ್ಯಾಯ. ಆಮೇಲೆ ಲೂಕ, ಪ್ರೇಷಿತರ ಕಾರ್ಯಕಲಾಪಗಳು. ಬೈಬಲ್ ಕೊಳ್ಳುವಾಗ ಕ್ಯಾಥೊಲಿಕ್ ಆವೃತ್ತಿ ಎಂದು ಕೇಳಿ. ನಮ್ಮದರಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66. ಕನ್ನಡದ್ದು ಮುಂಬೈ ಅಂಗಡಿಗಳಲ್ಲಿ ಹುಡುಕುವುದಕ್ಕಿಂತ ಬೆಂಗಳೂರು, ಮಂಗಳೂರಿನಿಂದ ತರಿಸುವುದು ಸುಲಭ. 1992ರಲ್ಲಿ ಬಂದ ಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥ ಇಂಗ್ಲಿಷಿನಲ್ಲಿ ವ್ಯಾಟಿಕನ್‌ನ ವೆಬ್‌ಸೈಟಿನಲ್ಲೇ ಪುಕ್ಕಟೆ ಇದೆ. 2865 ಚಿಕ್ಕ ಚಿಕ್ಕ ಪರಿಚ್ಛೇದ. ಮೊದಲಿಂದ ಕೊನೆವರೆಗೆ ಓದಲು ಹೋಗಬೇಡಿ, ಪ್ರಶ್ನೆ ಬಂದಾಗ ಆ ಭಾಗ ತೆಗೆಯಿರಿ.

ಬಜ್ಪೆ ಬಾಯ್

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್‌ಗೆ (ಮರಿಯಮ್ಮನ ಹುಟ್ಟುಹಬ್ಬ) ನಮ್ಮ ಮನೆಗೆ ಬನ್ನಿ. ಹೊಸ ಭತ್ತದ ತೆನೆ ಚರ್ಚಿನಲ್ಲಿ ಆಶೀರ್ವದಿಸಿ ತಂದು, ಹಾಲಿಗೆ ಪುಡಿ ಮಾಡಿ ಹಾಕಿ ಎಲ್ಲರೂ ಕುಡಿಯುತ್ತೇವೆ. ಆಮೇಲೆ ಬಾಳೆ ಎಲೆಯಲ್ಲಿ ತರಕಾರಿ ಊಟ, ಆ ದಿನ ಮೀನೂ ಇಲ್ಲ. ನಿಮ್ಮ ಅಮ್ಮನನ್ನೂ ಕರೆದುಕೊಂಡು ಬನ್ನಿ. ಕುಂದಾಪುರದವರಿಗೆ ಹೊಸ ಅಕ್ಕಿ ಊಟ ಏನೆಂದು ಹೇಳಿಕೊಡಬೇಕಾ? ಅವರೇ ನನ್ನ ಹೆಂಡತಿಗೆ ಪಾಯಸದಲ್ಲಿ ತಪ್ಪು ಹುಡುಕುತ್ತಾರೆ.

ಕರಿಕೋಟು, ಠಾಣೆ

ವಕೀಲ ಮಾತನಾಡುತ್ತಿದ್ದೇನೆ. ಯಾರೂ ಕೇಳದೆ ಇರುವುದರಿಂದ ನಾನೇ ಹೇಳುತ್ತೇನೆ.

ಸಂವಿಧಾನದ 25ನೇ ವಿಧಿಯ ಪ್ರಕಾರ ನಿಮ್ಮ ಮನಸ್ಸಾಕ್ಷಿ ನಿಮ್ಮದು. ಆದರೆ ಮತಾಂತರ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆಗಾಗ ಬದಲಾಗುತ್ತದೆ ಕೂಡ. ಕರ್ನಾಟಕದ 2022ರ ಕಾಯ್ದೆಯಲ್ಲಿ 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು ಎಂದು ಬರೆದಿದ್ದರು. ದೀಕ್ಷಾಸ್ನಾನದ ದಿನ ಹತ್ತಿರ ಬಂದಾಗ ಆ ರಾಜ್ಯದಲ್ಲಿ ಜಾರಿಯಲ್ಲಿರುವ ನಿಯಮ ಏನೆಂದು ಒಬ್ಬ ವಕೀಲರಿಂದ ಖಚಿತ ಮಾಡಿಕೊಳ್ಳಿ. ಸ್ವಂತ ಇಚ್ಛೆಯಿಂದ ಎಂದು ನಿಮ್ಮ ಕೈಬರಹದಲ್ಲಿ ಒಂದು ಪತ್ರ ಇರಲಿ.

ಆಸ್ತಿ. ಮತಾಂತರ ಆದ ಮಾತ್ರಕ್ಕೆ ಅಪ್ಪನ ಆಸ್ತಿಯಲ್ಲಿ ವಾರಸುದಾರಿಕೆ ಹೋಗುವುದಿಲ್ಲ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ ಓದಿ. ಮತಾಂತರದ ನಂತರ ನಿಮಗೆ ಹುಟ್ಟುವ ಮಕ್ಕಳು ಹಿಂದೂ ಬಂಧುಗಳ ಆಸ್ತಿಗೆ ಆ ಕಾಯ್ದೆಯಡಿ ವಾರಸುದಾರರಾಗುವುದಿಲ್ಲ, ಉತ್ತರಾಧಿಕಾರ ತೆರೆಯುವ ಹೊತ್ತಿಗೆ ಅವರು ಹಿಂದೂ ಆಗಿದ್ದರೆ ಹೊರತು. ವಿಲ್ ಬರೆದರೆ ಈ ತೊಡಕು ಬರುವುದಿಲ್ಲ. ಹೋಟೆಲ್ ಇದೆ ಅಂದಿರಿ, ಅದಕ್ಕೇ ಹೇಳಿದೆ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನೀವು ಪರಿಶಿಷ್ಟ ಜಾತಿಯವರಾದರೆ 1950ರ ಆದೇಶದ ಪ್ರಕಾರ ಕ್ರೈಸ್ತರಾದ ಮೇಲೆ ಆ ಸ್ಥಾನಮಾನ ಇರುವುದಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನು ಸೇರಿಸಿಲ್ಲ. ಇದು ನ್ಯಾಯವಾ ಅಂದರೆ ನನ್ನ ಅಭಿಪ್ರಾಯ ಬೇರೆ ಇದೆ. ಆದರೆ ಸರ್ಟಿಫಿಕೇಟ್ ಇಟ್ಟುಕೊಂಡು ಎರಡು ದೋಣಿಯಲ್ಲಿ ಕಾಲಿಡಬೇಡಿ. ಕೋರ್ಟು ಬಿಡುವುದಿಲ್ಲ.

ಸುಮ್ನೆ ಓದುವವಳು

ನನಗೂ ಒಂದು ಪ್ರಶ್ನೆ ಇದೆ. ನನಗೆ ಡಿವೋರ್ಸ್ ಆಗಿದೆ, ಮತ್ತೆ ಮದುವೆಯೂ ಆಗಿದ್ದೇನೆ. ಎರಡೂ ಹಿಂದೂ ಪದ್ಧತಿಯ ಮದುವೆ. ಅಡ್ಡಿ ಆಗುತ್ತದಾ?

ಬೊರಿವಲಿ ಟೀಚರ್

ಮೊದಲ ಭೇಟಿಯಲ್ಲೇ ಫಾದರ್‌ಗೆ ಇದನ್ನು ಹೇಳಿ. ಅಡ್ಡಿ ಆಗಬಹುದು, ಆದರೆ ಬಾಗಿಲು ಮುಚ್ಚಿದ ಹಾಗಲ್ಲ. ಕ್ರೈಸ್ತರಲ್ಲದ ಇಬ್ಬರ ಮದುವೆಯನ್ನೂ ಸಭೆ ನಿಜವಾದ ಮದುವೆ ಎಂದೇ ಗೌರವಿಸುತ್ತದೆ. ಹಾಗಾಗಿ ಕೋರ್ಟಿನ ಡಿವೋರ್ಸ್ ಇದ್ದರೂ ಮೊದಲ ಮದುವೆಯ ವಿಷಯ ಸಭೆಯ ನ್ಯಾಯಮಂಡಳಿಯಲ್ಲಿ ಇತ್ಯರ್ಥ ಆಗಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಮದುವೆ ಅಸಿಂಧು ಎಂದು ಸಾರುವ ವಿಧಾನವನ್ನು ಸರಳ ಮಾಡಿದರು. ದೀಕ್ಷಾಸ್ನಾನ ಪಡೆಯದ ಇಬ್ಬರ ಮದುವೆಗೆ ಅದಲ್ಲದೆ ಬೇರೆ ದಾರಿಗಳೂ ಇವೆ. ಯಾವುದು ನಿಮಗೆ ಅನ್ವಯಿಸುತ್ತದೆ ಎಂದು ಇಲ್ಲಿ ಕೂತು ಹೇಳುವುದು ತಪ್ಪಾಗುತ್ತದೆ. ಪೂಜೆಗೆ ಬರುವುದಕ್ಕೆ, ಕ್ಲಾಸಿಗೆ ಕೂರುವುದಕ್ಕೆ ಇದ್ಯಾವುದೂ ಅಡ್ಡಿ ಅಲ್ಲ.

ವಾಸ್ಕೊದಿಂದ

ನಾನು ಹುಬ್ಬಳ್ಳಿಯವನು. ಮನೆಯವರೆಲ್ಲ ಸಿಎಸ್‌ಐ, ಅಂದರೆ ಪ್ರೊಟೆಸ್ಟೆಂಟರು. ಬಂದರಿನ ಕೆಲಸಕ್ಕೆ ವಾಸ್ಕೊಗೆ ಬಂದೆ, ಹೆಂಡತಿ ಗೋವಾದ ಕ್ಯಾಥೊಲಿಕ್. ಕಳೆದ ದರ್ಶನದಲ್ಲಿ, 2024ರ ನವೆಂಬರ್‌ನಿಂದ 2025ರ ಜನವರಿವರೆಗೆ ನಡೆಯಿತಲ್ಲ, ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಶರೀರ ನೋಡಲು ಇಬ್ಬರೂ ಸಾಲಿನಲ್ಲಿ ನಿಂತಿದ್ದೆವು. ಹತ್ತು ವರ್ಷಕ್ಕೊಮ್ಮೆ ಆಗುವುದು. ಆಗಿನಿಂದ ನಾನೂ ಸೇರಿಬಿಡೋಣ ಅಂತ ಮನಸ್ಸು. ನನಗೆ ಮಗುವಾಗಿದ್ದಾಗ ದೀಕ್ಷಾಸ್ನಾನ ಆಗಿದೆ. ಮತ್ತೆ ಆಗಬೇಕಾ?

ಬೊರಿವಲಿ ಟೀಚರ್

ಬೇಡ. ನೀರಿನಿಂದ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಆಗಿದ್ದರೆ ಅದು ಒಂದೇ ಸಲ, ಜೀವಮಾನಕ್ಕೆ. ಹುಬ್ಬಳ್ಳಿಯಿಂದ ಸರ್ಟಿಫಿಕೇಟ್ ತರಿಸಿಕೊಳ್ಳಿ. ತಯಾರಿ ಆದ ಮೇಲೆ ವಿಶ್ವಾಸ ಪ್ರಮಾಣ, ದೃಢೀಕರಣ, ಪರಮಪ್ರಸಾದ. ಪಾಸ್ಖದವರೆಗೆ ಕಾಯಬೇಕೆಂದೂ ಇಲ್ಲ. ಒಂದು ವ್ಯತ್ಯಾಸ ಇದೆ. ನೀವು ಮೊದಲು ಪಾಪನಿವೇದನೆ (ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವುದು) ಮಾಡಬೇಕು. ಮುಲುಂಡ್ ತಂಗಿಗೆ ದೀಕ್ಷಾಸ್ನಾನವೇ ಎಲ್ಲ ತೊಳೆಯುತ್ತದೆ, ಆ ದಿನ ನಿವೇದನೆ ಇಲ್ಲ.

ಬಜ್ಪೆ ಬಾಯ್

ನೋಡಿ, ಇದು ನನಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಾಗುತ್ತಿದೆ.

ಧಾರವಾಡ ಫೇಡಾ

ಕ್ಸೇವಿಯರ್ ಹೆಸರು ಬಂದದ್ದರಿಂದ ಕೇಳುತ್ತೇನೆ, ನಿರ್ವಾಹಕರು ಅಳಿಸಬೇಡಿ. ಗೋವಾದಲ್ಲಿ ಇನ್‌ಕ್ವಿಸಿಶನ್ (ಧರ್ಮ ಮೀರಿದವರನ್ನು ಹಿಡಿದು ಶಿಕ್ಷಿಸುವ ಚರ್ಚಿನ ನ್ಯಾಯಾಲಯ) ತನ್ನಿ ಎಂದು ಪೋರ್ಚುಗಲ್ ರಾಜನಿಗೆ 1546ರಲ್ಲಿ ಬರೆದವರು ಅವರೇ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟರೆ, ಅದು ನಡೆಯಿತು. ದೇವಸ್ಥಾನ ಒಡೆದರು, ಜನ ದೇವರನ್ನು ಹೊತ್ತುಕೊಂಡು ಊರು ಬಿಟ್ಟರು. ಸೇರುವವರಿಗೆ ಇದನ್ನೂ ಹೇಳಬೇಕು ಅಲ್ವಾ?

ಬಜ್ಪೆ ಬಾಯ್

ಹೇಳಲೇಬೇಕು. ಅಳಿಸುವ ಮಾತೇ ಇಲ್ಲ. ನಮ್ಮ ಅಜ್ಜಂದಿರು ಗೋವಾದಿಂದ ಕೆನರಾಕ್ಕೆ (ಈಗಿನ ಕರಾವಳಿ ಕರ್ನಾಟಕ) ಇಳಿದು ಬಂದ ಕಾರಣಗಳಲ್ಲಿ ಅದೂ ಒಂದು. ಬರಗಾಲ, ತೆರಿಗೆ, ಮರಾಠರ ದಾಳಿ ಉಳಿದವು. ಕ್ರೈಸ್ತರಾದ ಮೇಲೂ ಹಳೆಯ ಪದ್ಧತಿ ಬಿಟ್ಟಿಲ್ಲ ಎಂದು ಹಿಡಿದದ್ದು ಹೆಚ್ಚಾಗಿ ನಮ್ಮಂಥವರನ್ನೇ. 2000ನೇ ಇಸವಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ರೋಮ್‌ನಲ್ಲಿ ಸಭೆಯವರ ಹಳೆಯ ಪಾಪಗಳಿಗೆ ದೇವರಲ್ಲಿ ಕ್ಷಮೆ ಬೇಡಿದರು, ಸತ್ಯದ ಹೆಸರಿನಲ್ಲಿ ನಡೆದ ಬಲವಂತವೂ ಅದರಲ್ಲಿತ್ತು. ಅಷ್ಟು ಸಾಕಾ? ಕೆಲವರಿಗೆ ಸಾಕಾಗದು.

ಆದರೆ ಗೋವಾ ಅಂದರೆ ಅದೊಂದೇ ಅಲ್ಲ. ಬೆಣಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಜುಜೆ ವಾಜ್ ಇದ್ದಾರೆ. ಮೊದಲು ನಮ್ಮ ಕೆನರಾದಲ್ಲಿ ಸೇವೆ ಮಾಡಿ, ಆಮೇಲೆ ಡಚ್ಚರು ಕ್ಯಾಥೊಲಿಕರನ್ನು ಹಿಂಸಿಸುತ್ತಿದ್ದ ಶ್ರೀಲಂಕಾಕ್ಕೆ ಕೂಲಿಯವನ ವೇಷದಲ್ಲಿ ಹೋದವರು. ಕ್ಯಾಂಡಿಯ ಬೌದ್ಧ ರಾಜ ಅವರಿಗೆ ಆಶ್ರಯ ಕೊಟ್ಟ. 2015ರಲ್ಲಿ ಅವರನ್ನು ಸಂತರೆಂದು ಸಾರಿದರು. ಇಬ್ಬರೂ ಒಂದೇ ಮಣ್ಣಿನ ಕಥೆ, ಎರಡನ್ನೂ ಓದಿ.

ಕ್ಯಾಂಪ್ ಕನ್ನಡಿಗ

ಯಾರೂ ಹೇಳದ ಇನ್ನೊಂದು ನಾನು ಹೇಳುತ್ತೇನೆ. ಚರ್ಚಿಗೆ ಬಂದರೆ ಜಾತಿ ಹೋಗುತ್ತದೆ ಅಂದುಕೊಂಡಿದ್ದರೆ ಆ ಆಸೆ ಇಟ್ಟುಕೊಳ್ಳಬೇಡಿ. ನನಗೆ ಮದುವೆ ಸಂಬಂಧ ಹುಡುಕುವಾಗ "ನೀವು ಮೊದಲು ಯಾರು" ಎಂದು ಬಹಳ ನಯವಾಗಿ ಕೇಳಿದ್ದಾರೆ.

ಬಜ್ಪೆ ಬಾಯ್

ನಿಜ. ನಮ್ಮಲ್ಲೂ ಬಾಮೊಣ್ (ಬ್ರಾಹ್ಮಣ ಮೂಲದವರು), ಚಾರೊಡಿ (ಕ್ಷತ್ರಿಯ ಮೂಲದವರು) ಎಂದು ಸಂಬಂಧ ನೋಡುವಾಗ ಪಿಸುಗುಟ್ಟುವುದು ಇನ್ನೂ ನಿಂತಿಲ್ಲ. ದಲಿತ ಕ್ರೈಸ್ತರಿಗೆ ಸಭೆಯೊಳಗೇ ತಾರತಮ್ಯ ಆಗುತ್ತಿದೆ ಎಂದು ಭಾರತದ ಬಿಷಪರ ಮಂಡಳಿಯೇ 2016ರಲ್ಲಿ ಒಪ್ಪಿಕೊಂಡು ನೀತಿಪತ್ರ ತಂದಿತು. ಕಾಗದ ಬಂದಿದೆ, ಮನಸ್ಸು ಬರಬೇಕು.

ಮುಲುಂಡ್ ಸ್ಲೋ ಲೋಕಲ್

ಕೆಲವು ವಾರದ ನಂತರ ಬರೆಯುತ್ತಿದ್ದೇನೆ. ಕಹಿ ಭಾಗವನ್ನೂ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಬರೀ ಒಳ್ಳೆಯದೇ ಕೇಳಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಅಮ್ಮನಿಗೆ ಹೇಳಿದೆ. ಬೈಯಲಿಲ್ಲ. "ಮೌಂಟ್ ಮೇರಿಗೆ ನಿನ್ನನ್ನು ಚಿಕ್ಕಂದಿನಲ್ಲಿ ಎತ್ತಿಕೊಂಡು ಹೋದದ್ದು ನಾನೇ" ಅಂದರು, ತಪ್ಪು ಅವರದ್ದೇ ಎಂಬ ಹಾಗೆ. ಆಮೇಲೆ, "ನಾನು ಹೋದ ಮೇಲೆ ನೀನು ಬೊಜ್ಜಕ್ಕೆ ಬರುತ್ತೀಯಾ?" ಎಂದು ಕೇಳಿದರು. ಬೊಜ್ಜ ಅಂದರೆ ನಮ್ಮಲ್ಲಿ ಉತ್ತರಕ್ರಿಯೆ. ಕ್ರಿಯೆ ಮಾಡಲು ತಮ್ಮ ಇದ್ದಾನೆ. ಆದರೂ ಅವರು ಕೇಳಿದ್ದು ನನ್ನನ್ನು. ಬಂದೇ ಬರುತ್ತೇನೆ ಅಂದೆ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಅಮ್ಮನೇ ಸಮಯ ನೋಡಿ ಹೇಳುತ್ತಾರಂತೆ, ನಾನು ಹೇಳಬಾರದಂತೆ.

ಪ್ಯಾರಿಷ್ ಆಫೀಸಿಗೂ ಹೋಗಿ ಬಂದೆ. ಫಾದರ್ ಮೊದಲು ಕೇಳಿದ್ದು, "ಮದುವೆಗಾ?" ಅಂತ. ನಗು ಬಂತು. ಅಲ್ಲ ಅಂದ ಮೇಲೆ ಬಹಳ ಹೊತ್ತು ಮಾತನಾಡಿದರು. ಈ ವರ್ಷ ಬರೀ ಬಂದು ಕೂತುಕೊಳ್ಳಿ, ಅಪ್ಪನಿಗೆ ತಿಳಿಯುವವರೆಗೆ ಹಣೆಗೆ ಗುರುತು ಹಾಕುವ ವಿಧಿಗೆ ಅವಸರ ಬೇಡ ಅಂದರು.

ಬೊರಿವಲಿ ಟೀಚರ್

ಒಳ್ಳೆಯ ಫಾದರ್ ಸಿಕ್ಕಿದ್ದಾರೆ. ಅಂದ ಹಾಗೆ, ಮದುವೆಗಾದರೆ ಮತಾಂತರ ಬೇಕೂ ಇಲ್ಲ. ಬಿಷಪರ ಅನುಮತಿ ಪಡೆದು ಕ್ರೈಸ್ತರಲ್ಲದವರನ್ನು ಚರ್ಚಿನಲ್ಲೇ ಮದುವೆ ಆಗಬಹುದು. ಬರೀ ಮದುವೆಗೋಸ್ಕರ ಬಂದವರನ್ನು ನಾವು ಸ್ವಲ್ಪ ಜಾಸ್ತಿಯೇ ಕಾಯಿಸುತ್ತೇವೆ.

ಅಮ್ಮನ ಬೊಜ್ಜಕ್ಕೆ ಹೋಗುವುದರಲ್ಲಿ ಏನೂ ತಪ್ಪಿಲ್ಲ. ನವೆಂಬರ್ 2ರಂದು ನಾವು ಸತ್ತವರೆಲ್ಲರಿಗಾಗಿ ಪ್ರಾರ್ಥಿಸುತ್ತೇವೆ. ನಿಮ್ಮ ಮನೆಯ ಹಿರಿಯರ ಹೆಸರನ್ನೂ ಆ ದಿನ ಕೊಡಬಹುದು. ಅಮ್ಮನಿಗೆ ಇದನ್ನು ಹೇಳಿ.

ಇನ್ನು ಗಾಡ್‌ಮದರ್ ಹುಡುಕಲು ಶುರು ಮಾಡಿ. ದೃಢೀಕರಣ ಆದ, 16 ವರ್ಷ ದಾಟಿದ, ನಡತೆಯಲ್ಲಿ ಕ್ಯಾಥೊಲಿಕ್ ಆದ ಯಾರಾದರೂ ಆಗುತ್ತದೆ. ನೊವೆನಾಗೆ ಕರೆದುಕೊಂಡು ಹೋದ ಗೆಳತಿಯನ್ನೇ ಕೇಳಬಹುದಲ್ಲ.

ಮುಲುಂಡ್ ಸ್ಲೋ ಲೋಕಲ್

ಕೇಳಿದೆ. ಅವಳಿಗೆ ಹೆದರಿಕೆ ಆಗಿದೆ. "ನನಗೆ ಅಷ್ಟೆಲ್ಲ ಗೊತ್ತಿಲ್ಲ, ಕ್ಲಾಸಿಗೆ ನಾನೂ ಬರಬೇಕಾಗುತ್ತದೆ" ಅಂತಾಳೆ.

ಬೊರಿವಲಿ ಟೀಚರ್

ಅವಳನ್ನೂ ಕರೆದುಕೊಂಡು ಬನ್ನಿ ಅಂತ ನಿಮ್ಮ ಫಾದರೇ ಹೇಳುತ್ತಾರೆ ನೋಡಿ. ನಮ್ಮ ಕ್ಲಾಸಿನಲ್ಲಿ ಅರ್ಧ ಪ್ರಶ್ನೆ ಜೊತೆಗೆ ಬಂದವರದ್ದೇ.

ವಾಸ್ಕೊದಿಂದ

ಪಾಸ್ಖದ ರಾತ್ರಿಯ ಪೂಜೆಗೆ ಹೆಂಡತಿ ಜೊತೆ ಹೋದ ಅನುಭವದಿಂದ ಹೇಳುತ್ತೇನೆ ತಂಗಿ, ಬಹಳ ಉದ್ದ ಇರುತ್ತದೆ. ಹೊರಗೆ ಬೆಂಕಿ ಹಚ್ಚುವುದರಿಂದ ಶುರು, ಹಳೆಯ ಒಡಂಬಡಿಕೆಯಿಂದ ಏಳು ವಾಚನದವರೆಗೂ ಇರಬಹುದು. ಈ ಸಲ ಸುಮ್ನೆ ನೋಡಲು ಹೋಗಿ ಬನ್ನಿ. ಊಟ ಮಾಡಿಯೇ ಹೋಗಿ.

ಬೊರಿವಲಿ ಟೀಚರ್

ಈ ಸಲಕ್ಕೆ ಊಟ ಸರಿ. ಪರಮಪ್ರಸಾದ ತೆಗೆದುಕೊಳ್ಳುವ ವರ್ಷ ಬಂದಾಗ ಅದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನುವ ಹಾಗಿಲ್ಲ, ನೀರು ಕುಡಿಯಬಹುದು. ಪೂಜೆ ಅಷ್ಟು ಉದ್ದ ಇರುವುದರಿಂದ ಅದು ಯಾರಿಗೂ ಕಷ್ಟ ಆಗಿಲ್ಲ. ಮುಗಿಯುವ ಹೊತ್ತಿಗೆ ಕೊನೆಯ ಟ್ರೇನ್ ಹೋಗಿರಬಹುದು. ಅದಕ್ಕೇ ಹೇಳಿದ್ದು, ಮನೆ ಹತ್ತಿರದ ಪ್ಯಾರಿಷ್‌ಗೆ ಸೇರಿ ಎಂದು.